ಲಾಂಚಿಗೆ ಓಗೊಡುತ್ತಿದ್ದ ನಾಯಿ

ಆ ನಾಯಿ ನಮ್ಮ ಮನೆಗೆ ಬಂದದ್ದು ಅಪ್ಪನ ತಪ್ಪು ಅಂದಾಜಿನಿಂದ. ಶರಾವತಿ ಯೋಜನೆಯಲ್ಲಿ ಅಪ್ಪ ಓವರ್‌ಸಿಯರ್ ಆಗಿದ್ದರು. ಅಲ್ಲಿ ಕೆಲಸಕ್ಕೆಂದು ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ನಾಯಿಯನ್ನು ಅಪ್ಪನ ಕೈಗೆ ಒಪ್ಪಿಸಿದರು. ಹಸ್ಕಿ ಎಂಬ ಜಾತಿ, ಹಿಮದ ಮೇಲೆ ಗಾಡಿ ಎಳೆಯುವಂಥದು. ಹೊನ್ನಾವರದಲ್ಲಿ ಸಮುದ್ರದ ಗಾಳಿ ಇದೆ, ಇದಕ್ಕೆ ಒಗ್ಗುತ್ತದೆ ಎಂದುಕೊಂಡು ಅಪ್ಪ ಅದನ್ನು ಜೀಪಿನಲ್ಲಿ ತಂದು ಬಿಟ್ಟು ಕೆಲಸಕ್ಕೆ ಹಿಂದಿರುಗಿದರು. ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುವ ಗಾಳಿ ನಮ್ಮದು. ನಾಯಿ ಹಗಲೆಲ್ಲ ಬಚ್ಚಲಿನ ಒದ್ದೆ ಕಲ್ಲಿಗೆ ಹೊಟ್ಟೆ ಆನಿಸಿ ಮಲಗುತ್ತಿತ್ತು.

ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದು, ಕುಮಟೆಯ ಒಂದು ಶಾಲೆಗೆ ಅರ್ಜಿ ಹಾಕಿ, ಉತ್ತರ ಕಾಯುತ್ತಿದ್ದೆ. ಮಾಡಲು ಹೆಚ್ಚೇನೂ ಇರಲಿಲ್ಲ. ನಾಯಿಯನ್ನು ನೋಡುತ್ತಿದ್ದೆ, ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಅದರ ಕಿವಿಗಳನ್ನು ಬಿಡಿಸುತ್ತಿದ್ದೆ. ನೀಲಿ ಕಣ್ಣಿನ ಸುತ್ತ ಕಪ್ಪು ಗೆರೆ, ಹಣೆಯ ಮೇಲೆ ಹುಬ್ಬಿನಂಥ ಎರಡು ಬಿಳಿ ಮಚ್ಚೆ. ಬಾಯಿ ತೆರೆದು ಕೂತಾಗ ಬಂದವರೆಲ್ಲ ‘ನಗ್ತದೆ ನೋಡಿ’ ಎನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಒಂದು ಮಧ್ಯಾಹ್ನ ಗಮನವಿಟ್ಟು ನೋಡಿದೆ. ಬಾಯಿಯ ಅಂಚುಗಳು ಕಿವಿಯತ್ತ ಬಿಗಿದು ಹೋಗಿದ್ದವು, ನಾಲಿಗೆಯ ತುದಿ ಅಗಲವಾಗಿ ಜೋತಿತ್ತು, ಕಣ್ಣಿನಲ್ಲಿ ನಗೆಯಿರಲಿಲ್ಲ. ಒದ್ದೆ ಗೋಣಿಚೀಲ ಹೊದಿಸಿದ ಮೇಲೆ ಆ ‘ನಗು’ ಮುಚ್ಚಿಕೊಂಡಿತು. ವಾರಗಟ್ಟಲೆ ಅದರ ಸಂಕಟವನ್ನು ನಾವು ಸಂತೋಷವೆಂದು ಓದಿದ್ದೆವು. ಆಮೇಲೆ ಊಹಿಸುವುದನ್ನು ಬಿಟ್ಟು, ಕಂಡದ್ದನ್ನಷ್ಟೇ ಬರೆದೆ.

ತೊಂದರೆ ಬಂದದ್ದು ಅದರ ಕೂಗಿನಿಂದ. ದಿನಕ್ಕೆರಡು ಬಾರಿ, ಹನ್ನೊಂದರ ಸುಮಾರಿಗೆ ಮತ್ತು ಇಳಿಹೊತ್ತಿಗೆ, ಗದ್ದ ಮೇಲೆತ್ತಿ ಉದ್ದಕ್ಕೆ ಊಳಿಡುತ್ತಿತ್ತು. ನಾಯಿ ಅತ್ತರೆ ಹತ್ತಿರದಲ್ಲಿ ಯಾರಿಗೋ ಸಾವಿನ ಹೊತ್ತು ಬಂತು ಎನ್ನುವ ಊರು ನಮ್ಮದು. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಸೊಂಟ ಮುರಿದುಕೊಂಡು ಆರು ತಿಂಗಳಿಂದ ಮಂಚ ಹಿಡಿದಿದ್ದರು. ಅವರ ಮಗನಿಗೆ ಮನೆಯ ಮುಂದೆಯೇ ಕಿರಾಣಿ ಅಂಗಡಿ. ಅವನು ಒಂದು ಸಂಜೆ ಬಂದು, ಕೂರದೆ, ನಾವು ಆಯಿ ಎನ್ನುವ ನನ್ನ ತಾಯಿಯ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿದ. ಬೇಸರ ಮಾಡಿಕೊಳ್ಳಬಾರದು, ಆದರೆ ಹೆಂಡತಿಗೆ ಊಟ ಸೇರುತ್ತಿಲ್ಲ, ನಾಯಿಗೆ ಬೇರೆ ಏನಾದರೂ ಏರ್ಪಾಡು ಮಾಡಿ ಎಂದ. ಆಯಿ ಅಪ್ಪನಿಗೆ ಕಾಗದ ಬರೆದಳು. ಭಾನುವಾರ ಜೀಪು ಬರುತ್ತದೆ, ಕ್ಯಾಂಪಿನ ಅಡುಗೆಯವನು ಕಟ್ಟಿಹಾಕಿಕೊಳ್ಳುತ್ತಾನಂತೆ ಎಂದು ಉತ್ತರ ಬಂತು. ಆ ಅಡುಗೆಮನೆಯನ್ನು ನಾನು ನೋಡಿದ್ದೆ. ತಗಡಿನ ಮಾಡು, ಪಕ್ಕದಲ್ಲಿ ಒಲೆಗಳ ಸಾಲು.

ನಾಲ್ಕು ದಿನ ಉಳಿದಿತ್ತು. ನೋಟುಬುಕ್ಕು ತೆಗೆದು ಕೂಗಿನ ಹೊತ್ತಿಗೆ ಕಾದು ಕೂತೆ. ಹೆದರಿದಾಗ ಅದರ ಕಿವಿ ತಲೆಗೆ ಅಂಟುತ್ತಿತ್ತು, ಬಾಲ ಬಿಚ್ಚಿ ಕಾಲ ನಡುವೆ ಇಳಿಯುತ್ತಿತ್ತು. ಕೂಗುವಾಗ ಹಾಗಿರಲಿಲ್ಲ. ಬಾಲ ಬೆನ್ನ ಮೇಲೆ ಸುರುಳಿಯಾಗಿಯೇ ಇತ್ತು, ಕಿವಿ ಸಡಿಲ, ಕಣ್ಣು ಅರೆಮುಚ್ಚಿತ್ತು, ತುಟಿ ಒಲೆ ಊದುವವರ ಹಾಗೆ ಗುಂಡಗಾಗುತ್ತಿತ್ತು. ಅದು ಅಳುವ ಮೈಯಲ್ಲ. ಮೂರನೆಯ ದಿನ ಕಾರಣವೂ ತಿಳಿಯಿತು. ಭಟ್ಕಳದ ಕಡೆಯಿಂದ ಬಂದ ಬಸ್ಸಿನವರನ್ನು ಹೊಳೆ ದಾಟಿಸುವ ಲಾಂಚು ದಡ ಮುಟ್ಟುವಾಗ ಹಾರ್ನ್ ಹೊಡೆಯುತ್ತಿತ್ತು. ನಮಗೆ ರೂಢಿಯಾಗಿ ಆ ಸದ್ದು ಕಿವಿಗೇ ಬೀಳುತ್ತಿರಲಿಲ್ಲ. ನಾಯಿ ಅದಕ್ಕೆ ಓಗೊಡುತ್ತಿತ್ತು.

ಶನಿವಾರ ಬೆಳಿಗ್ಗೆ ನೋಟುಬುಕ್ಕು ಹಿಡಿದು ಪಕ್ಕದ ಮನೆಗೆ ಹೋದೆ. ಕರೆಯದೆ ಒಬ್ಬರ ಮನೆಗೆ ಹೋಗುವವಳಲ್ಲ ನಾನು. ಹೇಳಬೇಕಾದ್ದನ್ನು ಬೇಲಿಯ ಹತ್ತಿರ ನಿಂತು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಮಗ ಅಂಗಡಿಯಲ್ಲಿದ್ದ, ಸೊಸೆ ಹಿತ್ತಲಲ್ಲಿದ್ದಳು. ಅಜ್ಜಿ ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬರೇ ಇದ್ದರು. ಕಿವಿಗಳ ಚಿತ್ರ ತೋರಿಸಿ, ಲಾಂಚಿನ ವಿಷಯ ಹೇಳಿದೆ. ಯಕ್ಷಗಾನದ ಊರಾದ ಕರ್ಕಿ ಅವರ ತವರು. ಪೂರಾ ಕೇಳಿ, ಹಾಗಾದರೆ ಅದು ಅಳುವಲ್ಲ, ಭಾಗವತರ ಪದ, ಭಾಗವತಿಕೆ ಎಂದು ನಕ್ಕರು. ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದರು.

“ತಂಗಿ, ಇದನ್ನ ಮಗ-ಸೊಸೆಗೆ ಹೇಳಬೇಡ.”

ನನಗೆ ಅರ್ಥವಾಗಲಿಲ್ಲ. ಹೇಳದಿದ್ದರೆ ನಾಳೆ ನಾಯಿ ಹೋಗುತ್ತದೆ ಎಂದೆ.

“ಅದು ಕೂಗಿದ ಕೂಡ್ಲೆ ಮಗ ಅಂಗಡಿ ಬಿಟ್ಟು ಓಡಿ ಬರ್ತಾನೆ. ಸೊಸೆ ಕೈ ಒರೆಸ್ತಾ ಬಂದು ಹಣೆ ಮುಟ್ಟಿ ನೋಡ್ತಾಳೆ. ಇಲ್ದಿದ್ರೆ ನನ್ನ ಮುಖ ನೋಡೂಕೆ ಯಾರು ಬರ್ತಾರೆ? ಗಂಜಿ ಬರ್ತದೆ, ಅಷ್ಟೆ.”

ದೂರು ಹೇಳುವ ದನಿಯಲ್ಲ ಅದು. ಮಳೆ ಬರುತ್ತದೆ, ಬಿಸಿಲು ಬರುತ್ತದೆ ಎನ್ನುವ ಹಾಗೆ ಹೇಳಿದರು. ನಾನು ನೋಟುಬುಕ್ಕು ಮಡಚಿ ಕೂತೆ. ನಾಯಿಯ ಮುಖವನ್ನು ಅಷ್ಟು ಓದಿದವಳು, ದಿನವೂ ಕಿಟಕಿಯಲ್ಲಿ ಕಂಡ ಈ ಮುಖವನ್ನು ಓದಿರಲಿಲ್ಲ.

ಅಷ್ಟರಲ್ಲಿ ಹಾರ್ನ್ ಆಯಿತು, ಹಿಂದೆಯೇ ನಾಯಿಯ ಕೂಗು. ಮಗ ಓಡಿಬಂದ, ಕೈಯಲ್ಲಿ ಇನ್ನೂ ತೂಕದ ಕಲ್ಲು. ಹಿತ್ತಲಿಂದ ಸೊಸೆಯೂ ಬಂದಳು. ಅಜ್ಜಿ ಇಬ್ಬರನ್ನೂ ನೋಡಿದರು, ನನ್ನನ್ನು ನೋಡಲಿಲ್ಲ.

“ನಾಯಿ ಇಲ್ಲೇ ಇರ್ಲಿ,” ಎಂದರು. “ಅದರ ಕೂಗು ಕೇಳಿ ಕೇಳಿ ನಂಗೆ ರೂಢಿ ಆಗಿದೆ. ಯಾವತ್ತು ಕೂಗೂದು ನಿಲ್ಲಿಸ್ತದೋ ಅವತ್ತು ಹೆದರಿ.”

ಮಗ ವಾದಿಸಲು ಬಾಯಿ ತೆರೆದ. ಅಜ್ಜಿ ಕಣ್ಣು ಮುಚ್ಚಿಕೊಂಡರು. ಅವನು “ಆತು” ಎಂದು ಅಂಗಡಿಗೆ ಹೋದ. ಜೀಪು ಬಂದಾಗ ಆಯಿ ಚಾಲಕನಿಗೆ ಅವಲಕ್ಕಿ ಕೊಟ್ಟು, ನಾಯಿಯಿಲ್ಲದೆ ಕಳಿಸಿದಳು.

ಮರುದಿನದಿಂದ ಇಳಿಹೊತ್ತಿನ ಲಾಂಚಿಗೆ ಮೊದಲೇ ನಾಯಿಯನ್ನು ಕರೆದುಕೊಂಡು ಅಜ್ಜಿಯ ಹತ್ತಿರ ಹೋಗತೊಡಗಿದೆ. ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ನೆಲದ ಮೇಲೆ ನಾಯಿಗೆಂದು ಸೊಸೆ ಒಂದು ಒದ್ದೆ ಚೀಲ ಹಾಸಿಟ್ಟಳು, ಯಾರೂ ಹೇಳದೆ.

ಮೊದಲ ವಾರದಲ್ಲೇ ಒಂದು ದಿನ ಅಜ್ಜಿ ಕೈ ಇಳಿಬಿಟ್ಟು ಅದರ ಕತ್ತು ಮುಟ್ಟಿದರು. ನಾಯಿಯ ಕಿವಿ ಹಿಂದಕ್ಕೆ ಹೋಯಿತು. ಹೆದರಿತು ಎಂದು ಹಗ್ಗ ಹಿಡಿದೆ. ಆದರೆ ಹಣೆ ನುಣುಪಾಗಿತ್ತು, ಕಣ್ಣು ಸಣ್ಣದಾಗಿತ್ತು, ಬಾಯಿಯ ಅಂಚು ಸಡಿಲವಾಗಿತ್ತು. ಅದು ಗದ್ದವನ್ನು ಮಂಚದ ಅಂಚಿಗೆ ಇಟ್ಟು ಉಸಿರು ಬಿಟ್ಟಿತು. ಅಂಥ ಮುಖವನ್ನು ನನಗೆ ಒಮ್ಮೆಯೂ ತೋರಿಸಿರಲಿಲ್ಲ. ಕೊಂಚ ಅಸೂಯೆಯಾಯಿತು ಎಂದು ಒಪ್ಪಿಕೊಳ್ಳಬೇಕು. ಹಗ್ಗ ಬಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತೆ.