ನಾಟಿಯ ನಾಟ್ಯ

ನನಗೆ ಕುಣಿಯಲು ಬರುವುದಿಲ್ಲ, ಕುಣಿಸಲು ಬರುತ್ತದೆ. ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಮಸ್ಕಿಯ ಶಾಲೆಯಲ್ಲಿ ನಾನು ಪಾಠ ಹೇಳುವ ಅಕ್ಕೋರಾಗಿದ್ದಷ್ಟು ವರ್ಷವೂ ಗ್ಯಾದರಿಂಗಿನಲ್ಲಿ ಹುಡುಗಿಯರನ್ನು ಕುಣಿಸಿದವಳು ನಾನೇ. ಗ್ಯಾದರಿಂಗ್ ಎಂದರೆ ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವ. ನಾನೇ ಎದ್ದು ಹೆಜ್ಜೆ ಹಾಕಿ ತೋರಿಸಿದರೆ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಹಾಗಾಗಿ ಕುರ್ಚಿಯಲ್ಲಿ ಕೂತು ಬಾಯಲ್ಲೇ ನೃತ್ಯ ಕಲಿಸುವ ಪದ್ಧತಿಯೊಂದನ್ನು ರೂಢಿಸಿಕೊಂಡೆ.

ಸಿನಿಮಾದಲ್ಲಿ ಕುಣಿಸುವವರಿಗೂ ದೊಡ್ಡ ಪ್ರಶಸ್ತಿ ಕೊಡತೊಡಗಿದ ಹೊಸತು ಅದು. ಸುದ್ದಿ ಓದಿ, ಪ್ರಶಸ್ತಿ ನನಗೇ ಬಂದಷ್ಟು ಖುಷಿಪಟ್ಟೆ. ಅಲ್ಲಿಯವರೆಗೆ ಜನ ನಾಯಕಿಯ ಸೊಂಟವನ್ನು ಹೊಗಳಿದರೇ ಹೊರತು, ಆ ಸೊಂಟ ಯಾವಾಗ ಯಾವ ಕಡೆ ತಿರುಗಬೇಕೆಂದು ಹೇಳಿಕೊಟ್ಟವರು ಯಾರೆಂದು ಕೇಳಿದವರಿಲ್ಲ. ಪರದೆಯ ಮೇಲೆ ಅವರ ಹೆಸರು ಬರುವ ಹೊತ್ತಿಗೆ ನಮ್ಮ ಜನ ಕತ್ತಲಲ್ಲಿ ಜಾಗ ಹುಡುಕುತ್ತಿರುತ್ತಾರೆ.

ಅಂಥ ಪ್ರಶಸ್ತಿ ಬಂದ ಒಂದು ಚಿತ್ರ ಸಿಂಧನೂರಿಗೆ ಬಂತು. ನನ್ನ ತವರು ಅಲ್ಲೇ ಹತ್ತಿರದ, ಕಾಲುವೆ ದಂಡೆಯ ಹಳ್ಳಿ. ರಜೆಗೆ ಹೋದವಳು ಅವ್ವನನ್ನೂ ಕರೆದುಕೊಂಡು ಟಾಕೀಸಿಗೆ ಹೋದೆ. ಆ ಹಾಡು ಶುರುವಾಯಿತು. ನೀರು ನಿಂತ ಗದ್ದೆ, ಸೀರೆ ಎತ್ತಿ ಕಟ್ಟಿದ ನಾಯಕಿ, ಅಕ್ಕಪಕ್ಕ ಸಾಲಾಗಿ ಗೆಳತಿಯರು. ಬಾಗುತ್ತಾರೆ, ಸಸಿ ಹಚ್ಚುತ್ತಾರೆ, ಎದ್ದು ತಾಳಕ್ಕೆ ಸರಿಯಾಗಿ ಮುಂದಕ್ಕೊಂದು ಹೆಜ್ಜೆ ಇಡುತ್ತಾರೆ. ನಾನು ಮೈಮರೆತು ನೋಡುತ್ತಿದ್ದಾಗ ಅವ್ವ ಎದ್ದು ನಿಂತಳು.

“ಹಿಂದಕ ಸರಿಯೇ ಹುಡುಗೀ! ಹಚ್ಚಿದ ಸಸಿ ನೀನಾ ತುಳ್ಯಾಕತ್ತೀದಿ!”

ಹೆಂಗಸರ ಕಡೆಯ ಅರ್ಧ ಟಾಕೀಸು ಅವ್ವನಿಗೆ ದನಿಗೂಡಿಸಿತು. ಅಲ್ಲಿದ್ದವರೆಲ್ಲ ಕೆಸರಲ್ಲಿ ನಿಂತವರೇ. ನೆಲ್ಲು ಹಚ್ಚುವವರು ಹಿಂದೆ ಹಿಂದೆ ಸರಿಯುತ್ತಾರೆ, ಹಚ್ಚಿದ್ದು ಕಣ್ಣ ಮುಂದೆ ಇರುತ್ತದೆ. ಮುಂದಕ್ಕೆ ನಡೆದರೆ ಕಾಲಡಿಗೆ ಬರುತ್ತದೆ. ಪ್ರಶಸ್ತಿ ಕೊಟ್ಟ ಮಹನೀಯರು ಅನ್ನ ಉಂಡವರೇ ಇರಬೇಕು, ಆದರೆ ತಟ್ಟೆಯಿಂದ ಆಚೆಗೆ ನೋಡಿರಲಿಕ್ಕಿಲ್ಲ. ಕನ್ನಡದಲ್ಲಿ ನಾಟಿಗೂ ನಾಟ್ಯಕ್ಕೂ ಒಂದು ಒತ್ತಕ್ಷರದ ಅಂತರ. ಅಷ್ಟು ಹತ್ತಿರದ ನೆಂಟರು ಒಬ್ಬರನ್ನೊಬ್ಬರು ಇಷ್ಟು ಮರೆಯಬಾರದು.

ಆ ವರ್ಷ ಲಿಂಗಸುಗೂರಿನ ಶಾಲಾ ನೃತ್ಯ ಸ್ಪರ್ಧೆಗೆ ನಮ್ಮ ಹುಡುಗಿಯರು ಆರಿಸಿದ್ದೂ ಅದೇ ಹಾಡು. ಪ್ರಶಸ್ತಿ ಬಂದ ಹೆಜ್ಜೆ ಹಾಕಿದರೆ ಪ್ರಶಸ್ತಿ ಬಂದೇ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಮುಂದಾಳು ಶರಣಮ್ಮ, ಗೊಬ್ಬರದಂಗಡಿ ಬಸಪ್ಪನವರ ಮಗಳು. ಕುಣಿತವೆಂದರೆ ಅವಳಿಗೆ ಪ್ರಾಣ. ಆದರೆ ನಮ್ಮ ಶಾಲೆ ಪ್ರತಿ ವರ್ಷ ಬರಿಗೈಯಲ್ಲಿ ಮರಳುವುದನ್ನು ನೋಡಿ ಬಸಪ್ಪನವರು ಖಡಕ್ಕಾಗಿ ಹೇಳಿಬಿಟ್ಟಿದ್ದರು: “ಈ ಸಲ ಶೀಲ್ಡ್ ತರಲಿಲ್ಲಂದ್ರ ಕುಣಿಯೋದು ಬಂದ್.”

ನಾನು ಹಿಂದಕ್ಕೆ ಹೆಜ್ಜೆ ಇಡಿ ಎಂದಾಗ ಶರಣಮ್ಮನ ಮುಖ ಬಿಳಿಚಿಕೊಂಡಿತು.

“ಸಿನಿಮಾದಾಗ ಮುಂದಕ ಬಂದಾರ್ರೀ ಅಕ್ಕೋರ. ನಾವು ಹಿಂದಕ ಹೋದ್ರ, ಹೆಜ್ಜಿ ಮರ್ತಾವ ಅಂತಾರ್ರೀ.”

ಅವಳ ತಪ್ಪಲ್ಲ. ಮಸ್ಕಿಯದು ಜೋಳದ ಸೀಮೆ. ಅಲ್ಲಿ ಬಿತ್ತುವ ಕೂರಿಗೆಯೂ ಮುಂದಕ್ಕೆ, ಕೂರಿಗೆ ಹಿಡಿದವರೂ ಮುಂದಕ್ಕೆ. ಮೇಲಾಗಿ ಸಿನಿಮಾದಲ್ಲಿ ಬಂದದ್ದು ನಮ್ಮ ಹುಡುಗಿಯರಿಗೆ ಊರ ಗುಡ್ಡದ ಮೇಲಿನ ಅಶೋಕನ ಶಾಸನವಿದ್ದಂತೆ, ತಿದ್ದುವ ಹಾಗಿಲ್ಲ. ಹೆಡ್‌ಮಾಸ್ತರರು ಬೇರೆ, ಇಟ್ಟ ಹೆಜ್ಜೆ ಹಿಂದಿಡಬಾರದು ಎಂದು ಗಾದೆ ಹೇಳಿ ಹೋದರು. ನಾನು ಬೇವಿನ ಕಡ್ಡಿಗಳನ್ನು ತರಿಸಿ, ಮೈದಾನದ ಮಣ್ಣಿನಲ್ಲಿ ಊರುತ್ತ ಮುಂದಕ್ಕೆ ಹೋಗಿರಿ ಎಂದೆ. ಊರಿದ್ದೆಲ್ಲ ಲಟಲಟ ಮುರಿಯಿತು. ಹುಡುಗಿಯರು ನಕ್ಕರು. ಶರಣಮ್ಮ ಮಾತ್ರ ನಗದೆ ಮುರಿದ ಕಡ್ಡಿಗಳನ್ನೇ ನೋಡಿ, “ಹಿಂದಕ ಹೋಗೂಣ್ರೀ” ಎಂದಳು. ಅವಳ ಧೈರ್ಯ ಕಂಡು ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯೂ ಆಯಿತು. ಶೀಲ್ಡ್ ತಪ್ಪಿದರೆ ನಿಲ್ಲುವುದು ನನ್ನ ಕುರ್ಚಿಯ ನಾಟ್ಯವಲ್ಲ, ಅವಳ ಕುಣಿತ.

ಹಿಂದಕ್ಕೆ ಕುಣಿಯುವುದು ಸುಲಭವಲ್ಲ. ಅಭ್ಯಾಸದಲ್ಲಿ ಒಬ್ಬಳು ಬಾವುಟದ ಕಂಬಕ್ಕೆ ಬೆನ್ನು ಬಡಿದುಕೊಂಡಳು, ಇನ್ನೊಬ್ಬಳು ಹೆಡ್‌ಮಾಸ್ತರರ ಮೇಲೇ ಹೋಗಿ ಬಿದ್ದಳು. ಆಮೇಲೆ ಅವರು ಗಾದೆ ಹೇಳುವುದನ್ನು ಬಿಟ್ಟು ದೂರ ನಿಂತು ನೋಡತೊಡಗಿದರು.

ಸ್ಪರ್ಧೆಯ ದಿನ ಸಿಂಧನೂರಿನಿಂದ ಅವ್ವ ಬಸ್ಸು ಹಿಡಿದು ಬಂದಳು. ಕೂತದ್ದು ಬಸಪ್ಪನವರ ಪಕ್ಕದಲ್ಲಿ. ನಮಗಿಂತ ಮೊದಲು ಇನ್ನೊಂದು ಶಾಲೆಯ ಹುಡುಗಿಯರು ಅದೇ ಹಾಡಿಗೆ, ಸಿನಿಮಾದಲ್ಲಿ ಇದ್ದಂತೆಯೇ, ಮುಂದಕ್ಕೆ ಮುಂದಕ್ಕೆ ಬಂದು ಕುಣಿದರು. ಅವ್ವ ಸುಮ್ಮನಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಗೊಬ್ಬರ ಮಾರಿದ್ದರೇ ಹೊರತು ಗದ್ದೆಗೆ ಇಳಿದವರಲ್ಲ ಬಸಪ್ಪನವರು. ಅವರಿಗೆ ಅವ್ವ ಸ್ಪರ್ಧೆಯುದ್ದಕ್ಕೂ ಕೈಬೆರಳಿನಿಂದ ಕುರ್ಚಿಯ ಹಿಡಿಯ ಮೇಲೆ ನೆಲ್ಲು ಹಚ್ಚಿ ತೋರಿಸಿದಳು. ಆಮೇಲೆ ನಮ್ಮವರು ಬಂದರು. ಬಾಗಿ, ಹಚ್ಚಿ, ಸರಿದು, ಶರಣಮ್ಮ ಒಮ್ಮೆಯೂ ಹಿಂದೆ ತಿರುಗಿ ನೋಡದೆ ಸಾಲನ್ನು ಹಿಂದಿನ ಪರದೆಯವರೆಗೆ ಒಯ್ದಳು. ಅಷ್ಟು ಚೆಂದದ ಕುಣಿತವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ.

ಶೀಲ್ಡ್ ಆ ಇನ್ನೊಂದು ಶಾಲೆಗೆ ಹೋಯಿತು. ನಮ್ಮ ಹುಡುಗಿಯರಿಗೆ ಹೆಜ್ಜೆ ತಪ್ಪಿದೆ ಎಂದರು ತೀರ್ಪುಗಾರರು. ನಾನು ಜಗಳಕ್ಕೆ ಹೋಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನಿಸಿಕೊಳ್ಳುವುದು ಬೇಡವಾಗಿತ್ತು.

ಮಸ್ಕಿಯ ಬಸ್ಸಿನಲ್ಲಿ ಶರಣಮ್ಮ ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದಳು. ಬಸಪ್ಪನವರು ಊರು ಬಂದು ಇಳಿಯುವಾಗ ನನ್ನ ಕಡೆ ತಿರುಗಿದರು.

“ಮುಂದಿನ ವರ್ಷನೂ ಕುಣೀಲಿ ಬಿಡ್ರೀ ಅಕ್ಕೋರ. ಶೀಲ್ಡ್ ಅವರು ಒಯ್ದ್ರು, ಖರೆ. ಬೆಳಿ ಬಂದಿದ್ದು ನಮ್ಮ ಹುಡುಗ್ಯಾರ ಗದ್ದ್ಯಾಗ.”