ಹ್ಯಾಂಡಲಿನ ಹಸಿರು ಪಟ್ಟಿ

ಮಚ್ಚೇಂದ್ರನ ಪಿಕಪ್ಪಿನಲ್ಲಿ ಹೋದ ಗಾಡಿಗೆ ಒಂದು ಗೀರೂ ಬಿದ್ದದ್ದಿಲ್ಲ ಎಂದು ಬಸವಕಲ್ಯಾಣದ ಗ್ಯಾರೇಜಿನವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಅರ್ಧ ಜನ, ಅವನು ಕಟ್ಟಿ ಮುಗಿಸುವವರೆಗೆ ಕಾದು ಕಾದು ಬೇಸತ್ತು ಬೈದವರೇ. ಈ ಸೀಮೆಯಲ್ಲಿ ಗಾಡಿ ಎಂದರೆ ಮೋಟಾರ್ ಸೈಕಲ್ಲು. ಬೇರೆ ಪಿಕಪ್ಪಿನವರು ಅದನ್ನು ಹತ್ತಿಸಿ, ಸ್ಟ್ಯಾಂಡ್ ಹಾಕಿ, ಮೇಲೊಂದು ಹಗ್ಗ ಬಿಗಿದು ಹೊರಟೇ ಬಿಡುತ್ತಾರೆ. ಇವನದು ಹಾಗಲ್ಲ. ಮುಂದಿನ ಚಕ್ರವನ್ನು ಕ್ಯಾಬಿನ್ನಿನ ಬೆನ್ನಿಗೆ ಆನಿಸುತ್ತಾನೆ, ಸ್ಟ್ಯಾಂಡ್ ಎತ್ತುತ್ತಾನೆ, ಗೇರಿಗೆ ಹಾಕುತ್ತಾನೆ. ಹ್ಯಾಂಡಲಿನ ಎರಡೂ ಕಡೆಯಿಂದ ಮುಂದಿನ ಮೂಲೆಗಳಿಗೆ ಹಗ್ಗ ಎಳೆದು, ಮುಂದಿನ ಚಕ್ರದ ಸ್ಪ್ರಿಂಗು, ಅಂದರೆ ಶಾಕಪ್, ಅರ್ಧ ಕೂರುವಷ್ಟು ಬಿಗಿಯುತ್ತಾನೆ. ಪೂರ್ತಿ ಕೂರಿಸಿದರೆ ಅದರ ಸೀಲು ಹೋಗುತ್ತದೆ, ಕೂರಿಸದೆ ಬಿಟ್ಟರೆ ಮೊದಲ ತಗ್ಗಿನಲ್ಲೇ ಹಗ್ಗ ಸಡಿಲಾಗುತ್ತದೆ. ಹಿಂದೆ ಎರಡೂ ಬದಿಗೆ ಒಂದೊಂದು ಹಗ್ಗ. ಎಲ್ಲದಕ್ಕೂ ಜಾರುಗಂಟು, ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಹುಮನಾಬಾದಿನ ದಾರಿಯಲ್ಲಿ ರಾಜೇಶ್ವರ ಎಂಬ ಊರು ಬಂದರೆ ನಸೀರನ ಹೋಟೆಲಿನ ಮುಂದೆ ನಿಲ್ಲಿಸಿ, ಚಹಾ ಕುಡಿಯುವ ಮೊದಲು ಇಳಿದು ಒಂದೊಂದೇ ಹಗ್ಗ ಎಳೆದು ನೋಡುತ್ತಾನೆ.

ಇನ್ನೊಂದು ಕಟ್ಟುನಿಟ್ಟಿತ್ತು. ಹಗ್ಗ ಹ್ಯಾಂಡಲಿಗೆ ನೇರವಾಗಿ ತಾಗುವಂತಿಲ್ಲ. ಇದು ಅವನ ಹೆಂಡತಿ ಮುಕ್ತಾಬಾಯಿ ಹಾಕಿಕೊಟ್ಟ ಕಾನೂನು. ಕೆಲಸ ಶುರುಮಾಡಿದ ಹೊಸತರಲ್ಲಿ, ಹಗ್ಗ ಉಜ್ಜಿ ಬಣ್ಣ ಹೋಯಿತೆಂದು ಯಾರೋ ಬೀದಿಯಲ್ಲಿ ನಿಲ್ಲಿಸಿ ಅವನ ಮಾನ ತೆಗೆದಿದ್ದರು. ಮುಕ್ತಾಬಾಯಿ ಅಂದೇ ತನ್ನದೊಂದು ಹಳೆಯ ಸೀರೆ ಹರಿದು, ಮಡಚಿ ಹೊಲಿದು, ಎರಡು ಪಟ್ಟಿ ಮಾಡಿಕೊಟ್ಟಳು. "ಹ್ಯಾಂಡಲಿಗೆ ಇದನ್ನ ಕಟ್ರಿ, ಹಗ್ಗ ಇದರಾಗ ಪೋಣಿಸ್ರಿ. ಗಾಡಿ ಇದ್ದವರ ಜೀವಾ ಗಾಡ್ಯಾಗೇ ಇರ್ತದ."

ಆಮೇಲೆ ಒಂದು ಪಟ್ಟಿ ಸವೆದರೆ ಇನ್ನೊಂದು ಸೀರೆ. "ನನ್ನ ಸೀರಿ ಯಾವಾಗ ಹಳೇದಾಗ್ತದಂತ ಕಾಯಾಕತ್ತೀರೇನು?" ಎಂದು ಮೊರಖಂಡಿ ಹಳ್ಳಿಯ ತಮ್ಮ ಎರಡು ಕೋಣೆಯ ಮನೆಯಲ್ಲಿ ಅವಳು ಅವನನ್ನು ಕಾಡುತ್ತಿದ್ದಳು. ಅವನು ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗಿಬಂದರೆ, "ನಾ ನೋಡಲಾರದ ಊರೆಲ್ಲಾ ನನ್ನ ಸೀರಿ ನೋಡ್ಯಾವ ಬಿಡ್ರಿ" ಎಂದು ನಗುತ್ತಿದ್ದಳು. ಒಮ್ಮೆಯಾದರೂ ಕರೆದುಕೊಂಡು ಹೋಗಬೇಕು ಎಂದುಕೊಳ್ಳುತ್ತಲೇ ಅವನು ವರ್ಷಗಳನ್ನು ಕಳೆದ.

ಹೋದ ವರ್ಷ ಕಾಮಾಲೆ ಅವಳನ್ನು ತಿಂದುಹಾಕಿತು. ಮಣ್ಣು ಮಾಡಿ ಬಂದ ಮೇಲೆ ತಂಗಿ ಸರಿತಾ ಟ್ರಂಕಿನ ಮುಂದೆ ಕೂತು, "ಅಣ್ಣಾ, ವೈನಿ ಸೀರಿ ಏನ್ ಮಾಡ್ಲಿ?" ಎಂದು ಕೇಳಿದಳು. "ಎಲ್ಲಾ ಯಾರಿಗರ ಕೊಟ್ಟುಬಿಡು. ಒಂದೂ ನನ್ನ ಕಣ್ಣಿಗೆ ಬೀಳಬಾರದು" ಎಂದ ಮಚ್ಚೇಂದ್ರ. ಸಂಕಟದಲ್ಲಿ ಆಡಿದ ಮಾತು. ಸರಿತಾ ಪಾಪ, ಅಣ್ಣ ಹೇಳಿದಂತೆಯೇ ಮಾಡಿದಳು. ಕೆಲವು ತಿಂಗಳ ಮೇಲೆ ಅವನು ಟ್ರಂಕು ತೆಗೆದರೆ ಒಳಗೆ ಒಣಗಿದ ಬೇವಿನೆಲೆ ಬಿಟ್ಟು ಏನೂ ಇರಲಿಲ್ಲ. ಅಂದು ಅವನು ಓಡಿಹೋಗಿ ಪಿಕಪ್ಪಿನ ಸೀಟಿನ ಕೆಳಗೆಲ್ಲ ತಡಕಾಡಿದ. ಹಳೆಯ ಪಟ್ಟಿಗಳೆಲ್ಲ ಸವೆದು ಎಲ್ಲೆಲ್ಲೋ ಬಿದ್ದುಹೋಗಿದ್ದವು. ಸಿಕ್ಕಿದ್ದು ಒಂದೇ, ಗಿಳಿ ಹಸಿರಿನದು.

ಅದು ಅವಳ ಕುಬಸದ ಸೀರೆ, ಬಸುರಿಯಾಗಿದ್ದಾಗ ತವರಿನವರು ಉಡಿಸಿದ್ದು. ಕೂಸು ಉಳಿಯಲಿಲ್ಲ, ಮತ್ತೆ ಆಗಲೂ ಇಲ್ಲ. ಎಷ್ಟೋ ವರ್ಷ ಟ್ರಂಕಿನ ತಳದಲ್ಲಿದ್ದ ಆ ಸೀರೆಯನ್ನು ಒಂದು ದಿನ ತಾನೇ ತೆಗೆದು, ಹರಿದು, ಹೊಲಿದುಕೊಟ್ಟಿದ್ದಳು. ಅವನು ಏನೂ ಕೇಳಿರಲಿಲ್ಲ. ಈಗ ಅದನ್ನು ಮನೆಯಲ್ಲಿ ಜೋಪಾನವಾಗಿ ಇಡಬೇಕಿತ್ತು ಎಂದು ನೀವು ಅನ್ನಬಹುದು. ಅವನೂ ಇಟ್ಟು ನೋಡಿದ, ಮನಸ್ಸು ಒಗ್ಗಲಿಲ್ಲ. ಗಾಡಿ ಕಟ್ಟುವಾಗ ಅದು ಕೈಗೆ ಬಂದರೆ ಅವಳು ಪಕ್ಕದಲ್ಲಿ ನಿಂತು ಬೈಯುತ್ತಿದ್ದಾಳೆ ಅನ್ನಿಸುತ್ತಿತ್ತು. ಹಾಗಾಗಿ ಎಡಕ್ಕೆ ಹಳೆಯ ಟ್ಯೂಬಿನ ತುಂಡು, ಬಲಕ್ಕೆ ಮುಕ್ತಾಳ ಹಸಿರು ಪಟ್ಟಿ.

ಆ ಪಟ್ಟಿ ಕಳೆದದ್ದು ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ. ಅಲ್ಲಿ ಊದಿನಕಡ್ಡಿ, ಕಾಯಿ ಮಾರುವ ಸಂಜೀವಕುಮಾರ ಬಸವಕಲ್ಯಾಣದ ಹತ್ತಿರ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ರಿಪೇರಿಯಾದ ಗಾಡಿಯನ್ನು ಮಚ್ಚೇಂದ್ರ ತಂದು ಇಳಿಸುವಾಗ, ಸಂಜೀವಕುಮಾರನ ತಾಯಿ ತುಳಜಾಬಾಯಿ ಬಾಗಿಲಿಗೆ ಅಡ್ಡ ನಿಂತು, "ನನ್ನ ಮಗನ್ನ ತಿನ್ನಾಕ ಬಂದದ್ದು ನನ್ನ ಮನಿಗೆ ಬ್ಯಾಡ" ಎಂದು ಅಳುತ್ತಿದ್ದಳು. ಆ ಗದ್ದಲದಲ್ಲಿ ಅವನು ಹಗ್ಗ ಎಳೆದುಕೊಂಡು, ಗಾಡಿಯನ್ನು ಗೋಡೆಗೆ ನಿಲ್ಲಿಸಿ ಬಂದುಬಿಟ್ಟ. ಆಮೇಲೆ ಮೂರು ವಾರ ಪಿಕಪ್ಪಿನಲ್ಲಿ ಬರೀ ಸಿಮೆಂಟು ಸಾಗಿಸಿದ. ಮುಂದಿನ ಗಾಡಿ ಕಟ್ಟಲು ಕೈ ಹಾಕಿದಾಗ ಪಟ್ಟಿ ಇಲ್ಲ. ಆ ಗಿರಾಕಿಯನ್ನು ಅಲ್ಲೇ ಬಿಟ್ಟು ಮಾಣಿಕನಗರಕ್ಕೆ ಹೊರಟ. ಯಾರಾದರೂ ಅದರಿಂದ ಚೈನು ಒರೆಸಿ ಬಿಸಾಕಿದ್ದರೆ? ದಾರಿಯುದ್ದಕ್ಕೂ ಅದೊಂದೇ ಯೋಚನೆ.

ಬಿಸಾಕಿರಲಿಲ್ಲ. ಗಾಡಿ ಅಂಗಡಿಯ ಮುಂದೆ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ಬಲಗಡೆ ಹ್ಯಾಂಡಲಿಗೆ ಹಸಿರು ಪಟ್ಟಿ, ಅದಕ್ಕೆ ಅರಿಶಿನ ಕುಂಕುಮ.

"ಬಾ ತಮ್ಮಾ, ಬಾ," ಎಂದು ತುಳಜಾಬಾಯಿ ಒಳಗಿನಿಂದಲೇ ಕರೆದಳು. ಅಂದು ಅಡ್ಡ ನಿಂತವಳು ಇವಳೇ ಏನು ಅನ್ನುವ ಹಾಗೆ ಮುಖ ಅರಳಿತ್ತು. "ನಿನ್ನ ಕೈ ಚಲೋ ಅದ ನೋಡಪ್ಪಾ. ನಾ ಕಲ್ಯಾಣದ ದರ್ಗಾಕ್ಕ ಹರಕಿ ಹೊತ್ತಿದ್ದೆ, ಮಗ ಎದ್ದು ನಿಂತರ ಸಾಕಂತ. ನೀ ಹ್ವಾದ ಮ್ಯಾಲ ನೋಡ್ತೀನಿ, ಗಾಡಿಗೆ ಹಸರ ಬಟ್ಟಿ! ದರ್ಗಾದಾಗ ನೀನೇ ಕಟ್ಟಿಸಿಕೊಂಡು ಬಂದೀ, ಹೌದಲ್ಲೋ?"

ಮಚ್ಚೇಂದ್ರ ಹ್ಯಾಂಡಲಿನ ಕಡೆ ಕೈ ತೋರಿದ. "ಅವ್ವಾರ, ಆ ಬಟ್ಟಿ..."

"ಆ ಬಟ್ಟಿ ಬಂದ ವಾರದಾಗೇ ಪ್ಲಾಸ್ಟರ್ ತೆಗೆದ್ರು. ಈಗ ಕೈಯಾಗ ಬಡಿಗಿ ಇಲ್ಲದ ನಡ್ಯಾಕತ್ತ್ಯಾನ!"

ಸಂಜೀವಕುಮಾರ ಸ್ವಲ್ಪ ಕುಂಟುತ್ತ ಹೊರಬಂದು ನಕ್ಕ. "ಅದು ಇದ್ರನ ಗಾಡಿ ಮುಟ್ಟಾಕ ಬಿಡ್ತಾಳ್ರೀ ಅವ್ವ. ಇಲ್ಲಂದ್ರ ಗುಜರಿಗೆ ಹಾಕು ಅಂತಾಳ. ನನ್ನ ವ್ಯಾಪಾರೆಲ್ಲಾ ಇದರ ಮ್ಯಾಲೇ ಅದ."

ಒಂದು ಮಾತು ಸಾಕಿತ್ತು. ಇದು ದರ್ಗಾದ್ದಲ್ಲ, ತೀರಿಹೋದ ನನ್ನ ಹೆಂಡತಿಯ ಸೀರೆ ಎಂದರೆ ತುಳಜಾಬಾಯಿ ತಾನೇ ಬಿಚ್ಚಿ ಕೊಡುತ್ತಿದ್ದಳು. ಆದರೆ ಹೇಗೆ ಕೊಡುತ್ತಿದ್ದಳು? ಎರಡು ಬೆರಳಿನಲ್ಲಿ ಎತ್ತಿ, ಸತ್ತವಳ ಸೀರೆಗೆ ಕುಂಕುಮ ಹಚ್ಚಿದೆನಲ್ಲಾ ಎಂದು ಹಣೆ ಚಚ್ಚಿಕೊಂಡು, ಕೈ ತೊಳೆದುಕೊಳ್ಳುತ್ತಿದ್ದಳು. ಅವನ ಮುಕ್ತಾ ಅಲ್ಲಿ, ಆ ಅಂಗಡಿಯ ಮುಂದೆ, ಅಪಶಕುನವಾಗುತ್ತಿದ್ದಳು. ಅದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ. ಬದುಕಿದ್ದಾಗ, ಮಕ್ಕಳಿಲ್ಲದವಳೆಂದು, ಅವಳಿಗೆ ಇಂಥ ಮನೆಯಲ್ಲಿ ಯಾರೂ ಕುಂಕುಮ ಕೊಟ್ಟವರಲ್ಲ.

"ಏನರ ಕೆಲಸಿತ್ತೇನು ತಮ್ಮಾ?" ಎಂದು ತುಳಜಾಬಾಯಿ ಕೇಳಿದಳು.

"ಇಲ್ರೀ ಅವ್ವಾರ. ಗಾಡಿ ಹ್ಯಾಂಗದ ನೋಡಿ ಹೋಗೋಣಂತ ಬಂದೆ."

"ನೋಡು ಮತ್ತ. ಆ ಗಂಟು ಸಡಲಾಗ್ಯಾದ, ನೀನೇ ಬಿಗಿ ಮಾಡು. ಕಟ್ಟಿದ ಕೈಲೇ ಆಗ್ಲಿ."

ಅವನು ಪಟ್ಟಿಗೆ ಕೈ ಹಚ್ಚಿದ. ಮುಕ್ತಾ ಹಾಕಿದ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಬೆರಳು ರೂಢಿಯಂತೆ ಜಾರುಗಂಟು ಹಾಕಿಬಿಟ್ಟವು. ಅವನು ಅದನ್ನು ಬಿಚ್ಚಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ, ಕೈಯ ಬಲವೆಲ್ಲ ಹಾಕಿ ಬಿಗಿದ. ಜೀವಮಾನದಲ್ಲಿ ಅವನು ಬಿಚ್ಚಬಾರದೆಂದು ಕಟ್ಟಿದ್ದು ಅದೊಂದನ್ನೇ. ಸಂಜೀವಕುಮಾರ ಗಾಡಿ ಹತ್ತಿ ಹುಮನಾಬಾದಿನ ಬಜಾರಿನ ಕಡೆ ಹೋದ. ಹಸಿರು ಕಾಣುವವರೆಗೂ ಮಚ್ಚೇಂದ್ರ ನೋಡುತ್ತ ನಿಂತ.

ತಿರುಗಿ ಬರುವಾಗ ರಾಜೇಶ್ವರದಲ್ಲಿ ಪಿಕಪ್ ತಾನಾಗಿ ನಿಂತಂತೆ ನಿಂತಿತು. ಅವನು ಇಳಿದು ಹಿಂದೆ ಹೋಗಿ ಹಗ್ಗ ಎಳೆದು ನೋಡಲು ಕೈ ಚಾಚಿದ. ಕಟ್ಟಿದ್ದು ಏನೂ ಇರಲಿಲ್ಲ. ಆಗ ತಡೆದುಕೊಂಡದ್ದೆಲ್ಲ ಒಮ್ಮೆಲೇ ಬಂತು. ಪಿಕಪ್ಪಿನ ಹಿಂಬಾಗಿಲಿನ ಫಾಳಕೆಗೆ ಹಣೆ ಕೊಟ್ಟು ಅತ್ತುಬಿಟ್ಟ.

ನಸೀರ್ ಹೋಟೆಲಿನಿಂದಲೇ ಕೂಗಿದ. "ಮಚ್ಚೇಂದ್ರಭಾಯ್, ಇವತ್ತ ಲೋಡ್ ಏನದ?"

ಅವನು ತೋಳಿನಿಂದ ಮುಖ ಒರೆಸಿಕೊಂಡ.

"ಖಾಲಿ ಅದ," ಎಂದ.