ಕಾಕಿ ಒಬ್ಬಳೇ ಕೂರಿಸಿದ ಬಾಗಿಲುಗಳು

ಹದಿನಾಲ್ಕು ನೂರು ರೂಪಾಯಿಗೆ ಎರಡು. ಬೀದರಿನ ಹಾರ್ಡ್‌ವೇರ್ ಅಂಗಡಿಯವನು ಎರಡು ಸಾವಿರ ಹೇಳಿದ್ದ. ಚೌಕಾಶಿ ಮಾಡಿ ಇಳಿಸಿದವಳು ನಾನು. ರಬ್ಬರ್ ಬಟ್ಟಲಿನ ಹಿಡಿಕೆಗಳು ಅವು. ನುಣುಪಾದ ಹಲಗೆಗೆ ಒತ್ತಿ ಕೀಲು ಮಡಚಿದರೆ ಗಾಳಿ ಹೀರಿ ಕಚ್ಚಿಕೊಳ್ಳುತ್ತವೆ. ಕೊಂಡದ್ದು ಭಾಲ್ಕಿಯ ನಮ್ಮ ಕಾಕಿಯ, ಅಂದರೆ ಚಿಕ್ಕಪ್ಪನ ಹೆಂಡತಿಯ, ಕೈಯ ಸಲುವಾಗಿ. ಶಾಲೆಯ ಹುಡುಗಿಯರ ಅಳತೆಯ ಬಳೆ ಏರುವಷ್ಟು ಸಣ್ಣ ಕೈ. ಅಂಗೈ ಮಾತ್ರ ಮರ ತಿಕ್ಕಿ ತಿಕ್ಕಿ ಪಾಲಿಶ್ ಕಾಗದದಷ್ಟೇ ಒರಟು. ಆ ಕೈಗೆ ದೊಡ್ಡ ಬಾಗಿಲಿನ ಅಂಚು ಸಿಗುತ್ತಿರಲಿಲ್ಲ.

ಕಾಕಾನ ಜೊತೆ ಇಪ್ಪತ್ತು ವರ್ಷ ಬಡಗಿ ಕೆಲಸ ಮಾಡಿದವಳು. ಅಳತೆ, ಕೊಯ್ತ, ಮೈಕಾ ಅಂಟಿಸುವುದು ಎಲ್ಲ ಬರುತ್ತಿತ್ತು. ಮಳೆ ಕೈಕೊಟ್ಟ ಎರಡನೇ ವರ್ಷ ಕಾಕಾ ಪುಣೆಗೆ ದುಡಿಯಲು ಹೋದ; ಕೂಲಿಯವರೂ ಹೋದರು. ಆಗಲೇ ಔರಾದಿನ ನಿವೃತ್ತ ಮಾಸ್ತರೊಬ್ಬರು ಕಪಾಟಿಗೆ ಆರು ಬಾಗಿಲು ಬೇಕೆಂದರು.

ಕಾಕಾ ಫೋನಿನಲ್ಲಿ ಗದರಿದ: "ಬಾಗಲಾ ಹಿಡಿಲಾಕ ಎರಡನೇ ಆಳು ಎಲ್ಲಿದ್ದಾನ? ಅಂಗಡಿ ಬಂದ್ ಮಾಡಿ ಇಲ್ಲಿ ಬಾ."

"ಇದೊಂದು ಮಾಡಿ ನೋಡ್ತೇನಿ. ಆಗಲಿಲ್ಲಂದ್ರ ನೀವ ಬಂದು ಬೀಗಾ ಜಡೀರಿ," ಎಂದಳು ಕಾಕಿ.

ಬಾಗಿಲುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಕಾಕಿಯೂ, ಆಗಿನ್ನೂ ಕೆಲಸ ಬಾರದ ನಾನೂ ಔರಾದಿಗೆ ಹೋದೆವು. ಮಾಸ್ತರರು ಕುರ್ಚಿ ಹಾಕಿಕೊಂಡೇ ಕೂತಿದ್ದರು.

"ಏನ್ ಬಾಯಿ, ಗಂಡಸರು ಯಾರೂ ಬಂದಿಲ್ಲೇನು?" ಎಂದು ಕಾಕಿಯನ್ನು ಕೇಳಿದರು.

"ಇಬ್ಬರು ಬಂದಾರಲ್ರಿ, ಚೀಲದಾಗ ಕುಂತಾರ," ಎಂದು ಕಾಕಿ ಹಿಡಿಕೆಗಳನ್ನು ತೆಗೆದಳು.

ಅವಸರ ನನ್ನದು. ಒಂದನ್ನು ಕಸಿದುಕೊಂಡು ಮೊದಲ ಬಾಗಿಲಿಗೆ ಒತ್ತಿ ಎತ್ತಿಯೇಬಿಟ್ಟೆ. ದಾರಿಯ ಧೂಳೆಲ್ಲ ಮೈಕಾದ ಮೇಲಿತ್ತು. ಹಿಡಿಕೆ ಚಪ್ ಎಂದು ಬಿಟ್ಟಿತು. ಬಾಗಿಲು ಬಿದ್ದು ಮೂಲೆ ಒಡೆಯಿತು.

"ಹೋತು! ನಾ ಅಂದಿದ್ದಿಲ್ಲಾ?" ಎಂದರು ಮಾಸ್ತರರು.

"ಅದೊಂದು ಹೊಸಾದು ಮಾಡಿ ತರ್ತೇನಿ. ನಿಮ್ಮ ರೊಕ್ಕ ಬ್ಯಾಡ್ರಿ," ಎಂದಳು ಕಾಕಿ.

ಆ ಓಣಿಯ ನಲ್ಲಿಗೆ ನೀರು ಬಂದು ಎಂಟು ದಿನವಾಗಿತ್ತು. ನಾವು ಕುಡಿಯಲು ತಂದ ಬಾಟಲಿಯನ್ನೇ ಬಟ್ಟೆಗೆ ಬಗ್ಗಿಸಿ ಎರಡನೇ ಬಾಗಿಲು ಒರೆಸಿದಳು, ಒಣಬಟ್ಟೆ ಆಡಿಸಿದಳು, ಬಟ್ಟಲಿನ ಅಂಚನ್ನೂ ಒರೆಸಿದಳು. ನನಗೆ ಹೇಳಿದ್ದು ಇಷ್ಟೇ: "ಇದು ಗ್ವಾಡಿಗಿ ಬಡಿಯೋ ಸಗಣಿ ಕುಳ್ಳ ಅಲ್ಲ ಮಗಳ. ನಡುವ ಧೂಳ ಇದ್ರ ಗಾಳಿ ಹೋತದ."

ಹಿಡಿಕೆ ಒತ್ತಿ ಕಚ್ಚಿಸಿ, ಬಾಗಿಲನ್ನು ಎತ್ತಿ ಕೆಳಗೆ ಮರದ ತುಂಡು ಕೊಟ್ಟು, ಎಡಗೈಯಲ್ಲಿ ಹಿಡಿಕೆ ಹಿಡಿದು, ಬಲಗೈಯಲ್ಲಿ ತಿರುಪು ಬಿಗಿದಳು. ನನ್ನನ್ನು ಮುಟ್ಟಗೊಡಲಿಲ್ಲ. ಊಟದ ಹೊತ್ತಿಗೆ ಐದು ಕೂತವು. ಆರನೆಯದನ್ನು ಮೂರನೇ ದಿನ ತಂದು ಕೂರಿಸಿದಳು. ಮಾಸ್ತರರು ಅದನ್ನು ನಾಲ್ಕು ಸಲ ತೆಗೆದು ಮುಚ್ಚಿದರು.

"ನನ್ನ ತಮ್ಮನ ಮನ್ಯಾಗೂ ಕೆಲಸ ಅದ, ಬಾಯಿ. ಯಾವಾಗ ಬರ್ತೀರಿ?"

ಅಂಗಡಿ ಮುಚ್ಚಲಿಲ್ಲ. ಕಾಕಾ ಪುಣೆಯಿಂದ ತಿರುಗಿ ಬಂದದ್ದು, ಕೆಲಸ ಮೈಮೇಲೆ ಬಂತೆಂದು ಕಾಕಿಯೇ ಕರೆಸಿಕೊಂಡ ಮೇಲೆ. ಹೋದ ವರ್ಷ ಆಕೆ ತೀರಿಕೊಂಡಳು. ಬೀದರಿನಲ್ಲಿ ನಾನಿಂದು ನಡೆಸುವ ಫರ್ನಿಚರ್ ಅಂಗಡಿಯ ವಿದ್ಯೆಯೆಲ್ಲ ಆಕೆಯದೇ.

ನೀವೂ ಈ ಹಿಡಿಕೆ ಕೊಳ್ಳುವುದಾದರೆ ಕೇಳಿ: ಮೈಕಾ, ಗಾಜಿಗೆ ಮಾತ್ರ ಬಳಸಿ; ಮೈಕಾ ಅಂಟಿಸದ ಪ್ಲೈವುಡ್ಡಿಗೆ, ಒರಟು ಮರಕ್ಕೆ ಇದು ಕಚ್ಚುವುದಿಲ್ಲ. ಎತ್ತುವ ಮುಂಚೆ ನೆಲದ ಹತ್ತಿರವೇ ಒಮ್ಮೆ ಜಗ್ಗಿ ನೋಡಿ. ಅಷ್ಟಾಗಿಯೂ ಬಿದ್ದು ಒಡೆದರೆ, ಹೊಸದು ಮಾಡಿಕೊಡುತ್ತೇನೆಂದು ಗಿರಾಕಿ ಕೇಳುವ ಮುಂಚೆ ನೀವೇ ಹೇಳಿಬಿಡಿ. ಮುಂದಿನ ಆರ್ಡರಿನ ಅರ್ಧ ಚೌಕಾಶಿ ಅಲ್ಲೇ ಮುಗಿಯುತ್ತದೆ.